ತೂಕ ಇಳಿಸುವ ಆಪರೇಷನ್: ಮಾಡಿಸಿಕೊಳ್ಳಬೇಕೋ, ಬೇಡವೋ?



ಸಂಘದ ಸಭೆಯಲ್ಲಿ ನಾವು ಉಳಿತಾಯ, ಸಾಲ, ಮಕ್ಕಳ ಶಾಲೆ, ಎಮ್ಮೆ-ಆಕಳು ಎಲ್ಲವನ್ನೂ ಮಾತಾಡುತ್ತೇವೆ. ನಮ್ಮ ಸ್ವಂತ ಶರೀರದ ಮಾತು ಬಂದಾಗ ಮಾತ್ರ ಸುಮ್ಮನಾಗುತ್ತೇವೆ, ಇಲ್ಲವೇ ನಕ್ಕು ಬಿಡುತ್ತೇವೆ. ಈ ಸಲದ ಪಾಠ ಅಂಥ ಒಂದು ಮಾತಿನ ಬಗ್ಗೆ. ಇದನ್ನು ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಕೊನೆಯಲ್ಲಿರುವ ಪ್ರಶ್ನೆಗಳನ್ನು ಎಲ್ಲರೂ ಕೂಡಿ ಚರ್ಚಿಸೋಣ.

ಒಂದು ಸಭೆ

ಖಾನಾಪುರ ತಾಲೂಕಿನ ಯಾವುದೋ ಒಂದು ಹಳ್ಳಿಯ ಸಂಘವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಸಾಲದ ಬೇಡಿಕೆ ಕೇಳುವ ಹೊತ್ತು. ಮೂಲೆಯಲ್ಲಿ ಕುಳಿತ ಒಬ್ಬ ಸದಸ್ಯೆ ಎದ್ದು ಹೇಳುತ್ತಾಳೆ: "ಅಕ್ಕಾರ, ನನಗ ಮೂರು ಲಕ್ಷ ಬೇಕಾಗೇತ್ರಿ. ತೂಕ ಇಳಿಸೋ ಆಪರೇಷನ್ ಮಾಡಸ್ಕೋಬೇಕಂತೀನಿ."

ಸಭೆಯಲ್ಲಿ ಗುಸುಗುಸು. ಒಬ್ಬಳು ಅಂತಾಳೆ, "ಊಟ ಕಡಿಮಿ ಮಾಡವ್ವಾ, ತಾನ ಇಳೀತೈತಿ." ಇನ್ನೊಬ್ಬಳು, "ಹೊಟ್ಟಿ ಕತ್ತರಿಸ್ಕೊಂಡ್ರ ಮುಂದ ಉಣ್ಣೂದು ಹೆಂಗ?" ಮತ್ತೊಬ್ಬಳು ಬಾಯಿಗೆ ಸೆರಗು ಹಿಡಿದು ನಗುತ್ತಾಳೆ.

ಆ ಸದಸ್ಯೆಗೆ 42 ವರ್ಷ. ಎತ್ತರ 150 ಸೆಂಟಿಮೀಟರ್, ತೂಕ 86 ಕಿಲೋ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಗುಳಿಗೆ ಹೆಚ್ಚಿಸಿದರೂ ಹತೋಟಿಗೆ ಬಂದಿಲ್ಲ. ಮೊಣಕಾಲು ನೋವಿನಿಂದ ಭತ್ತದ ನಾಟಿಗೆ ಹೋಗುವುದು ಬಿಟ್ಟಿದ್ದಾಳೆ. ಎರಡು ಸಲ ಉಪವಾಸ ಮಾಡಿ ಹತ್ತು ಕಿಲೋ ಇಳಿಸಿದ್ದಳು, ವರ್ಷ ತುಂಬುವುದರೊಳಗೆ ಹನ್ನೆರಡು ಕಿಲೋ ಏರಿತು.

ಇವಳಿಗೆ ನಾವು ಏನು ಹೇಳಬೇಕು?

ಮೊದಲು ನಗುವುದನ್ನು ಬಿಡೋಣ

ದಪ್ಪ ಇರುವವರೆಲ್ಲಾ ಹೊಟ್ಟೆಬಾಕರು, ಸೋಮಾರಿಗಳು ಎಂದು ನಾವು ತಿಳಿದಿದ್ದೇವೆ. ಇದು ನಿಜವಲ್ಲ. ಮನೆತನದ ಗುಣ, ಥೈರಾಯಿಡ್ ತೊಂದರೆ, ಕೆಲವು ಔಷಧಿಗಳು, ನಿದ್ದೆಗೇಡು, ಮನಸ್ಸಿನ ಚಿಂತೆ, ಬಾಣಂತನದ ನಂತರದ ಬದಲಾವಣೆ, ಹೀಗೆ ತೂಕ ಏರಲು ಕಾರಣ ಹಲವು. ಬಡತನವೂ ಒಂದು ಕಾರಣ. ಅಗ್ಗಕ್ಕೆ ಹೊಟ್ಟೆ ತುಂಬಿಸುವುದು ಅನ್ನ, ಸಕ್ಕರೆ, ಕರಿದ ಪದಾರ್ಥ. ಮೊಟ್ಟೆ, ಕಾಳು, ಹಣ್ಣು ತುಟ್ಟಿ. ಮನೆಯಲ್ಲಿ ಎಲ್ಲರಿಗೂ ಬಡಿಸಿ ಉಳಿದ ಅನ್ನವನ್ನು 'ಚೆಲ್ಲಬಾರದು' ಎಂದು ತಿನ್ನುವವರು ಯಾರು? ನಾವೇ ಅಲ್ಲವೇ?

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 30 ಜನರಿಗೆ ತೂಕ ಹೆಚ್ಚಿದೆ. ಆದ್ದರಿಂದ ಇದು ಪಟ್ಟಣದ ಶ್ರೀಮಂತರ ಕಾಯಿಲೆ ಮಾತ್ರ ಅಲ್ಲ.

ನಮ್ಮ ಲೆಕ್ಕ ನಾವೇ ಮಾಡೋಣ

ಡಾಕ್ಟರರು 'ಬಿಎಂಐ' ಎಂಬ ಲೆಕ್ಕ ಹಾಕುತ್ತಾರೆ. ಉಳಿತಾಯದ ಲೆಕ್ಕ ಬರೆಯುವ ನಮಗೆ ಇದು ಕಷ್ಟವಲ್ಲ. ಎತ್ತರವನ್ನು ಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ. ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸಿ.

ನಮ್ಮ ಸದಸ್ಯೆಯ ಎತ್ತರ 1.5 ಮೀಟರ್. 1.5 ಅನ್ನು 1.5ರಿಂದ ಗುಣಿಸಿದರೆ 2.25. ತೂಕ 86 ಅನ್ನು 2.25ರಿಂದ ಭಾಗಿಸಿದರೆ ಸುಮಾರು 38. ಇದು ಅವಳ ಬಿಎಂಐ.

ನಮ್ಮ ದೇಶದವರಿಗೆ 23ರೊಳಗೆ ಇದ್ದರೆ ಒಳ್ಳೆಯದು. 25 ದಾಟಿದರೆ ಬೊಜ್ಜು ಎನ್ನುತ್ತಾರೆ. ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೂ ಎಚ್ಚರಿಕೆ ಬೇಕು. ಯಾಕೆಂದರೆ ಹೊಟ್ಟೆಯ ಸುತ್ತ ಕೂಡುವ ಬೊಜ್ಜೇ ಸಕ್ಕರೆ ಮತ್ತು ಹೃದಯದ ಕಾಯಿಲೆಗೆ ಹೆಚ್ಚು ಹತ್ತಿರ.

ಆದರೆ ಬೊಜ್ಜು ಇದ್ದವರಿಗೆಲ್ಲಾ ಆಪರೇಷನ್ ಬೇಕಿಲ್ಲ. ಬಹಳ ವರ್ಷ ನಡೆದುಕೊಂಡು ಬಂದ ನಿಯಮ ಇದು: ಬಿಎಂಐ 40 ದಾಟಿರಬೇಕು, ಅಥವಾ 35 ದಾಟಿ ಜೊತೆಗೆ ಸಕ್ಕರೆ, ಹೃದಯದ ತೊಂದರೆ, ನಿದ್ದೆಯಲ್ಲಿ ಉಸಿರುಗಟ್ಟುವಂಥ ದೊಡ್ಡ ಕಾಯಿಲೆ ಇರಬೇಕು. 2022ರಲ್ಲಿ ಅಂತರರಾಷ್ಟ್ರೀಯ ವೈದ್ಯ ಸಂಘಗಳು ಈ ಮಿತಿಯನ್ನು ಕೆಳಗೆ ಇಳಿಸಿದವು. ನಮ್ಮಂಥ ಏಷ್ಯಾದವರಿಗೆ 27.5 ದಾಟಿದರೂ ಆಲೋಚಿಸಬಹುದು ಎಂದವು. ಆಲೋಚಿಸಬಹುದು ಎಂದರೆ ಮಾಡಿಸಿಕೊಳ್ಳಲೇಬೇಕು ಎಂದಲ್ಲ. ಈ ಮಾತನ್ನು ನೆನಪಿಡೋಣ.

ಆಪರೇಷನ್‌ನಲ್ಲಿ ಏನು ಮಾಡುತ್ತಾರೆ?

ಹೆಚ್ಚಾಗಿ ಎರಡು ವಿಧ ಇವೆ. ಎರಡನ್ನೂ ಸಾಮಾನ್ಯವಾಗಿ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ, ಲ್ಯಾಪ್ರೋಸ್ಕೋಪಿಯಿಂದ ಮಾಡುತ್ತಾರೆ.

ಒಂದು, ಸ್ಲೀವ್. ಜಠರದಲ್ಲಿ ನೂರಕ್ಕೆ 75ರಿಂದ 80 ಭಾಗ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ತೆಗೆದದ್ದನ್ನು ಮತ್ತೆ ಜೋಡಿಸಲು ಬರುವುದಿಲ್ಲ.

ಎರಡು, ಬೈಪಾಸ್. ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ, ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಊಟ ಹೊಸ ದಾರಿಯಲ್ಲಿ ಹೋಗುತ್ತದೆ.

ಎರಡರಲ್ಲೂ ಸ್ವಲ್ಪ ಉಂಡರೆ ಹೊಟ್ಟೆ ತುಂಬುತ್ತದೆ, ಹಸಿವೆ ಹುಟ್ಟಿಸುವ ರಸಗಳೂ ಬದಲಾಗುತ್ತವೆ. ಒಂದೆರಡು ವರ್ಷದಲ್ಲಿ ಹೆಚ್ಚಿನವರ ತೂಕ ಕಾಲು ಭಾಗದಷ್ಟು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಇಳಿಯುತ್ತದೆ. 86 ಕಿಲೋ ಇದ್ದವಳು 60-65ಕ್ಕೆ ಬರಬಹುದು. ಸಕ್ಕರೆ ಹತೋಟಿಗೆ ಬಂದು ಗುಳಿಗೆ ಕಡಿಮೆಯಾಗುವವರು, ಕೆಲವು ಕಾಲ ಪೂರ್ತಿ ನಿಲ್ಲಿಸುವವರೂ ಇದ್ದಾರೆ. ಇದು ನಿಜವಾದ ಲಾಭ, ಇದನ್ನು ಮುಚ್ಚಿಡಬಾರದು.

ಇದು ಕೊಬ್ಬು ತೆಗೆಸುವ ಆಪರೇಷನ್ ಅಲ್ಲ

ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವುದು ಬೇರೆ. ಅದು ಅಂದಕ್ಕಾಗಿ ಮಾಡುವುದು. ಅದರಿಂದ ಸಕ್ಕರೆ ಕಾಯಿಲೆ ಗುಣವಾಗುವುದಿಲ್ಲ, ಅದು ತೂಕ ಇಳಿಸುವ ಚಿಕಿತ್ಸೆಯೂ ಅಲ್ಲ. 2022ರ ಮೇ ತಿಂಗಳಲ್ಲಿ ಕನ್ನಡ ಧಾರಾವಾಹಿ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಬರೀ 21 ವರ್ಷ. ತಂದೆ-ತಾಯಿಗೆ ತಿಳಿಸದೆ ಹೋಗಿದ್ದರು ಎಂದು ಆಗ ಪತ್ರಿಕೆಗಳು ಬರೆದವು. ಆ ಮಗಳನ್ನು ದೂರಲು ಈ ಮಾತು ಹೇಳುತ್ತಿಲ್ಲ. 'ದಪ್ಪ ಆಗೀಯಲ್ಲ' ಎಂದು ಹುಡುಗಿಯರನ್ನು ದಿನಾ ಚುಚ್ಚುವ ನಾವು ನಮ್ಮನ್ನೇ ಕೇಳಿಕೊಳ್ಳಲು ಹೇಳುತ್ತಿದ್ದೇವೆ.

ಆಪರೇಷನ್ ದಿನ ಮುಗಿಯುವುದಿಲ್ಲ, ಶುರುವಾಗುತ್ತದೆ

ನಮ್ಮ ಕಡೆ 'ಆಪರೇಷನ್' ಅಂದ ಕೂಡಲೇ ನೆನಪಾಗುವುದು ಮಕ್ಕಳಾಗದ ಹಾಗೆ ಮಾಡುವ ಆಪರೇಷನ್. ಒಂದು ದಿನ ಹೋಗಿ ಬಂದರೆ ಆಯಿತು, ಆಮೇಲೆ ಅದರ ಚಿಂತೆ ಇಲ್ಲ. ಇದು ಹಾಗಲ್ಲ. ಇದರ ಕೆಲಸ ಸಾಯುವ ತನಕ ನಡೆಯುತ್ತದೆ. ಈ ಪಾಠದಲ್ಲಿ ಮುಖ್ಯವಾಗಿ ತಿಳಿಯಬೇಕಾದದ್ದು ಇದೇ.

• ಮೊದಲ ವಾರಗಳಲ್ಲಿ ಬರೀ ನೀರಾದ ಪದಾರ್ಥ: ಬೇಳೆ ಕಟ್ಟು, ಮಜ್ಜಿಗೆ, ತಿಳಿ ಗಂಜಿ. ಆಮೇಲೆ ಮೆತ್ತಗಿನದು. ನಂತರ ಸಾದಾ ಊಟ, ಅದೂ ಸಣ್ಣ ಬಟ್ಟಲಿನಷ್ಟು.
• ಮೊದಲು ಮೊಟ್ಟೆ, ಮೀನು, ಬೇಳೆ, ಕಾಳು, ಮೊಸರು. ಜಾಗ ಉಳಿದರೆ ಅನ್ನ ಅಥವಾ ರೊಟ್ಟಿ. ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯಬೇಕು. ಊಟದ ಜೊತೆ ನೀರು ಕುಡಿಯಬಾರದು.
• ಬೈಪಾಸ್ ಆದವರು ಜಾತ್ರೆಯ ಸಿಹಿ, ಬೆಳಗಾವಿ ಕುಂದಾ ಹೆಚ್ಚು ತಿಂದರೆ ಬೆವರು, ತಲೆಸುತ್ತು, ಭೇದಿ ಬರಬಹುದು.
• ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳು ಜೀವನಪೂರ್ತಿ. ಬಿಟ್ಟರೆ ರಕ್ತಹೀನತೆ, ಕೈಕಾಲು ಜೋಮು, ಎಲುಬು ಸವೆತ. ಮೊದಲೇ ರಕ್ತ ಕಡಿಮೆ ಇರುವ ನಮ್ಮ ಹೆಂಗಸರಿಗೆ ಇದು ಸಣ್ಣ ಮಾತಲ್ಲ.
• ಸಕ್ಕರೆ, ಬಿಪಿ ಗುಳಿಗೆಯನ್ನು ಡಾಕ್ಟರರು ಹೊಸದಾಗಿ ಹೊಂದಿಸಬೇಕು. ಮೊದಲಿನಷ್ಟೇ ತೆಗೆದುಕೊಂಡರೆ ಸಕ್ಕರೆ ಒಮ್ಮೆಲೇ ಇಳಿಯಬಹುದು.
• ಒಂದು ವರ್ಷದಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು. ತೂಕ ಇಳಿದಾಗ ಗರ್ಭ ನಿಲ್ಲುವುದು ಸುಲಭವಾಗುತ್ತದೆ, ಆದ್ದರಿಂದ ಮೊದಲೇ ಡಾಕ್ಟರರ ಹತ್ತಿರ ಉಪಾಯ ಕೇಳಿರಬೇಕು.
• ತಂಬಾಕು, ಗುಟ್ಕಾ, ಕಡ್ಡಿಪುಡಿ ಮುಂಚಿತವಾಗಿಯೇ ಬಿಡಬೇಕು.
• ಸುಮಾರು ತಿಂಗಳು-ಒಂದೂವರೆ ತಿಂಗಳು ನೀರಿನ ಕೊಡ, ಕಟ್ಟಿಗೆ ಹೊರೆ ಹೊರಬಾರದು. ಆ ದಿನಗಳಲ್ಲಿ ಮನೆಗೆಲಸ ಯಾರು ಮಾಡುತ್ತಾರೆ?

ಇಷ್ಟೆಲ್ಲಾ ಪಾಲಿಸಿದರೂ ಕೆಲವು ವರ್ಷಗಳ ನಂತರ ಸ್ವಲ್ಪ ತೂಕ ಮರಳಿ ಬರುವುದುಂಟು. ನಿಯಮ ಬಿಟ್ಟವರಿಗೆ ಬಹಳವೇ ಬರುತ್ತದೆ.

ಅಪಾಯವೂ ಇದೆ. ಅನುಭವವುಳ್ಳ ಆಸ್ಪತ್ರೆಗಳಲ್ಲಿ ಸಾವು ಬಹಳ ಅಪರೂಪ, ಸಾವಿರಕ್ಕೆ ಒಂದೆರಡು. ಆದರೆ ಹೊಲಿಗೆ ಸೋರುವುದು, ರಕ್ತಸ್ರಾವ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಮುಂದೆ ಪಿತ್ತಕೋಶದಲ್ಲಿ ಕಲ್ಲು ಆಗಬಹುದು. ಜ್ವರ, ಎದೆಬಡಿತ ಜೋರು, ಏರುತ್ತಾ ಹೋಗುವ ಹೊಟ್ಟೆನೋವು, ಉಸಿರಾಟದ ತೊಂದರೆ, ನೀರು ಕೂಡ ಹೊಟ್ಟೆಯಲ್ಲಿ ನಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆ ಸೇರಬೇಕು. ಖಾನಾಪುರ ಪೇಟೆಯಿಂದ ಬೆಳಗಾವಿ ಹತ್ತಿರ. ಆದರೆ ಕಣಕುಂಬಿ, ಹೆಮ್ಮಡಗಾ ಕಡೆಯ ಕಾಡಿನ ಹಳ್ಳಿಗಳಿಂದ ಮಳೆಗಾಲದ ರಾತ್ರಿ ಹೊರಗೆ ಬರುವುದು ಹೇಗೆ? ಅಂಥ ಊರಿನವರು ತಾರೀಖು ಗೊತ್ತು ಮಾಡುವಾಗಲೇ ಇದನ್ನು ಯೋಚಿಸಬೇಕು. ಮೊದಲ ವಾರಗಳು ಬೆಳಗಾವಿಯ ಬಂಧುಗಳ ಮನೆಯಲ್ಲಿ ಇರಲು ಆಗುತ್ತದೆಯೇ ಎಂದು ನೋಡಬೇಕು.

ಅದಕ್ಕೂ ಮೊದಲಿನ ಮೆಟ್ಟಿಲುಗಳು

ತಾಲೂಕು ಆಸ್ಪತ್ರೆಯಲ್ಲಿ ಬಿಪಿ, ಸಕ್ಕರೆ, ರಕ್ತ ಪರೀಕ್ಷೆ ಮಾಡಿಸೋಣ. ಥೈರಾಯಿಡ್ ಪರೀಕ್ಷೆಯ ಬಗ್ಗೆಯೂ ಕೇಳೋಣ. ದೊಡ್ಡ ಡಾಕ್ಟರರ ಸಲಹೆಗೆ ಬೆಳಗಾವಿಯ ಸರ್ಕಾರಿ ಬಿಮ್ಸ್ ಆಸ್ಪತ್ರೆಗೆ ಹೋಗಬಹುದು. ಆರು ತಿಂಗಳು ಊಟ ಮತ್ತು ನಡಿಗೆಯ ಕ್ರಮ ಪಾಲಿಸಿ ನೋಡೋಣ. ನೂರಕ್ಕೆ ಐದರಷ್ಟು, ಅಂದರೆ ನಮ್ಮ ಸದಸ್ಯೆಗೆ ನಾಲ್ಕು ಕಿಲೋ ಇಳಿದರೂ ಸಕ್ಕರೆ ಮತ್ತು ಬಿಪಿ ಸುಧಾರಿಸುತ್ತದೆ.

ವಾರಕ್ಕೊಮ್ಮೆ ತೆಗೆದುಕೊಳ್ಳುವ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳೂ 2025ರಲ್ಲಿ ನಮ್ಮ ದೇಶದ ಪೇಟೆಗೆ ಬಂದವು. ಡಾಕ್ಟರರ ಚೀಟಿ ಇಲ್ಲದೆ ಅವನ್ನು ತೆಗೆದುಕೊಳ್ಳಬಾರದು. ನಿಲ್ಲಿಸಿದರೆ ಹೆಚ್ಚಿನವರಿಗೆ ತೂಕ ಮರಳುತ್ತದೆ.

ರೊಕ್ಕದ ಲೆಕ್ಕ

ಖಾಸಗಿ ಆಸ್ಪತ್ರೆಯಲ್ಲಿ ಈ ಆಪರೇಷನ್‌ಗೆ ಕೆಲವು ಲಕ್ಷ ರೂಪಾಯಿ ಬೇಕು. ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಂತೆ ಮೂರು ಲಕ್ಷ ಸಾಲ ಮಾಡಿದರೆ ಬಡ್ಡಿಯೇ ತಿಂಗಳಿಗೆ 6,000 ರೂಪಾಯಿ. ಅಸಲು ಬೇರೆ. ಜೊತೆಗೆ ಪ್ರತಿ ತಿಂಗಳ ಗುಳಿಗೆ, ರಕ್ತ ಪರೀಕ್ಷೆ, ಬಸ್ ಖರ್ಚು, ಕೂಲಿ ತಪ್ಪಿದ ದಿನಗಳು. ಆಪರೇಷನ್‌ಗೆ ಸಾಲ ಸಿಕ್ಕಿ ಗುಳಿಗೆಗೆ ರೊಕ್ಕ ಇಲ್ಲದಿದ್ದರೆ, ಒಂದು ಕಾಯಿಲೆ ಬಿಟ್ಟು ಇನ್ನೊಂದನ್ನು ಕೊಂಡಂತೆ.

ಆರೋಗ್ಯ ವಿಮೆ ಇದ್ದವರು ಗಮನಿಸಿ: ವಿಮಾ ಪ್ರಾಧಿಕಾರ 2019ರಲ್ಲಿ ಮಾಡಿದ ನಿಯಮದ ಪ್ರಕಾರ, ವಯಸ್ಸು 18 ತುಂಬಿ, ಬಿಎಂಐ 40 ಇದ್ದರೆ, ಅಥವಾ 35 ಇದ್ದು ಹತೋಟಿಗೆ ಬಾರದ ಸಕ್ಕರೆ, ಹೃದಯದ ಕಾಯಿಲೆಯಂಥ ತೊಂದರೆ ಇದ್ದು ಬೇರೆ ಉಪಾಯ ಫಲಿಸದಿದ್ದರೆ, ಬೊಜ್ಜಿನ ಕಾರಣ ಹೇಳಿ ಈ ಖರ್ಚನ್ನು ಹೊರಗಿಡುವಂತಿಲ್ಲ. ಪಾಲಿಸಿಯ ಉಳಿದ ಷರತ್ತುಗಳನ್ನೂ ಓದಿಸಿ ಕೇಳಬೇಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಕಾರ್ಡು ಇದ್ದವರು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ, ಉತ್ತರವನ್ನು ಬರೆಸಿಕೊಳ್ಳಬೇಕು. 'ಇಂದೇ ಮುಂಗಡ ಕಟ್ಟಿದರೆ ರಿಯಾಯಿತಿ' ಎನ್ನುವ ಜಾಹೀರಾತಿಗೆ ಆತುರ ಪಡಬೇಡಿ. ಇದು ಸೀರೆ ಅಂಗಡಿಯ ಆಷಾಢದ ಮಾರಾಟ ಅಲ್ಲ.

ಡಾಕ್ಟರರಿಗೆ ಕೇಳಬೇಕಾದ ಪ್ರಶ್ನೆಗಳು

1. ನನಗೆ ಈ ಆಪರೇಷನ್ ಯಾಕೆ? ಮಾಡಿಸದಿದ್ದರೆ ಏನಾಗುತ್ತದೆ?
2. ಸ್ಲೀವ್ ಅಥವಾ ಬೈಪಾಸ್, ನನಗೆ ಯಾವುದು, ಯಾಕೆ?
3. ನೀವು ಇಂಥವು ಎಷ್ಟು ಮಾಡಿದ್ದೀರಿ? ತೊಂದರೆ ಆದರೆ ರಾತ್ರಿ ಯಾರನ್ನು ಕಾಣಬೇಕು?
4. ಆಹಾರ ತಜ್ಞರು, ಮನಸ್ಸಿನ ಡಾಕ್ಟರರು ನನ್ನನ್ನು ನೋಡುತ್ತಾರೆಯೇ?
5. ಒಟ್ಟು ಖರ್ಚೆಷ್ಟು? ಐದು ವರ್ಷದ ಗುಳಿಗೆ-ಪರೀಕ್ಷೆ ಸೇರಿ ಎಷ್ಟು?

ಕೇಳಲು ನಾಚಬೇಡಿ. ಒಬ್ಬರೇ ಹೋಗಬೇಡಿ. ಅರ್ಥವಾಗದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ, ಕನ್ನಡದಲ್ಲೋ ಮರಾಠಿಯಲ್ಲೋ ಓದಿ ಹೇಳಲು ಕೇಳಿ. ಅದು ನಿಮ್ಮ ಹಕ್ಕು.

ತೀರ್ಮಾನ ಯಾರದು?

ಗಂಡ ಬೈದನೆಂದು, ಮಗಳ ಮದುವೆಯ ಫೋಟೋಕ್ಕೆಂದು, ನೆರೆಯವರು ನಕ್ಕರೆಂದು ಮಾಡಿಸಿಕೊಳ್ಳುವ ಆಪರೇಷನ್ ಇದಲ್ಲ. 'ಹೆಂಗಸಿನ ಕಾಯಿಲೆಗೆ ಅಷ್ಟು ಖರ್ಚು ಯಾಕ' ಎಂದು ಬೇಡ ಅನ್ನುವುದೂ ಸರಿಯಲ್ಲ. ಕಾಯಿಲೆ ದೊಡ್ಡದಿದೆಯೇ, ಬೇರೆ ಉಪಾಯ ಮಾಡಿ ನೋಡಿದ್ದಾಗಿದೆಯೇ, ಜೀವನಪೂರ್ತಿ ಪಾಲಿಸಲು ಮನಸ್ಸು, ಮನೆ, ರೊಕ್ಕ ಮೂರೂ ಸಿದ್ಧವಿವೆಯೇ ಎಂದು ನೋಡಬೇಕು. ಮೂರಕ್ಕೂ ಹೌದು ಎಂದಾದರೆ ಧೈರ್ಯದಿಂದ ಮುಂದೆ ಹೋಗಬಹುದು. ಒಂದಕ್ಕೆ ಇಲ್ಲ ಎಂದಾದರೂ ಸ್ವಲ್ಪ ನಿಲ್ಲುವುದು ಜಾಣತನ.

ನಮ್ಮ ಸದಸ್ಯೆಯ ಬಿಎಂಐ 38, ಸಕ್ಕರೆ ಹತೋಟಿಯಲ್ಲಿಲ್ಲ. ಆದ್ದರಿಂದ ಅವಳ ಮಾತು ನಗುವಂಥದ್ದಲ್ಲ, ಯೋಚಿಸುವಂಥದ್ದು. ಸಂಘ ಅವಳಿಗೆ ಅಂದೇ ಮೂರು ಲಕ್ಷ ಕೊಡಬೇಕಿಲ್ಲ. ಪರೀಕ್ಷೆಗೆ, ಬಸ್ಸಿಗೆ ಎರಡು ಸಾವಿರ ಕೊಡಲಿ. ಓದು ಬಲ್ಲ ಒಬ್ಬ ಸದಸ್ಯೆ ಅವಳ ಜೊತೆ ಹೋಗಲಿ. ಉತ್ತರಗಳನ್ನು ಬರೆದುಕೊಂಡು ಬಂದ ಮೇಲೆ ಮತ್ತೆ ಕೂತು ಮಾತಾಡೋಣ. ಕೊನೆಗೆ ಹೌದು ಅಥವಾ ಬೇಡ ಎನ್ನುವವಳು ಅವಳೇ. ಹೌದು ಎಂದರೆ ಒಂದು ತಿಂಗಳು ಅವಳ ಮನೆಯ ನೀರಿನ ಕೊಡ ನಾವು ಹೊರೋಣ. ಬೇಡ ಎಂದರೆ ದಿನಾ ಸಂಜೆ ಅವಳ ಜೊತೆ ನಡೆಯೋಣ.

ಚರ್ಚೆಗೆ ಪ್ರಶ್ನೆಗಳು

1. ಮೇಲಿನ ಸಭೆಯಲ್ಲಿ ನೀವು ಇದ್ದಿದ್ದರೆ ಏನು ಹೇಳುತ್ತಿದ್ದಿರಿ?
2. ನಮ್ಮ ಸಂಘದಲ್ಲಿ ಯಾರ ಶರೀರವನ್ನಾದರೂ ನೋಡಿ ನಕ್ಕಿದ್ದೇವೆಯೇ? ಅವರಿಗೆ ಏನು ಅನಿಸಿರಬಹುದು?
3. ಚಿಕಿತ್ಸೆಗಾಗಿ ಕೇಳುವ ದೊಡ್ಡ ಸಾಲಕ್ಕೆ ನಮ್ಮ ಸಂಘದ ನಿಯಮ ಏನಿರಬೇಕು?

ಮುಂದಿನ ಸಭೆಗೆ: ಒಂದು ಅಳತೆ ಟೇಪು ಮತ್ತು ತೂಕದ ಯಂತ್ರ ತನ್ನಿ. ಎಲ್ಲರೂ ತಮ್ಮ ಬಿಎಂಐ ಲೆಕ್ಕ ಮಾಡಿ ತಮ್ಮ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಲಿ. ಒಬ್ಬರದನ್ನು ಇನ್ನೊಬ್ಬರು ಓದುವುದು ಬೇಡ.