ನಡುಕದ ಗುಳಿಗೆ, ಎದ್ದರೆ ಕಣ್ಣುಕತ್ತಲೆ

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ, ಮಗ್ಗದ ಮುಂದೆ ಕುಳಿತೇ ಬದುಕಿದವರು. ಪಾರ್ಕಿನ್ಸನ್ ಎಂದು ದಿನಕ್ಕೆ ಮೂರು ಸಲ ಸಿಂಡೋಪಾ ಗುಳಿಗೆ ಬರೆದುಕೊಟ್ಟಿದ್ದಾರೆ. ಅಂದಿನಿಂದ ಹೊಟ್ಟೆ ತೊಳಸುತ್ತದೆ, ಹಾಸಿಗೆಯಿಂದ ಎದ್ದರೆ ಕಣ್ಣು ಕತ್ತಲಿಡುತ್ತದೆ. ಔಷಧದ ಅಂಗಡಿಯಲ್ಲಿ ಕೇಳಿ ತಲೆಸುತ್ತಿನ ಗುಳಿಗೆ ತಂದೆವು. ಈಗ ನಡುಕವೇ ಜಾಸ್ತಿಯಾಗಿದೆ. ಸಿಂಡೋಪಾ ನಿಲ್ಲಿಸಿಬಿಡಲೇ?
– ಓದುಗರೊಬ್ಬರು, ಬನಹಟ್ಟಿ

ಉತ್ತರ: ಸಿಂಡೋಪಾ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ಮೈ ಸೆಟೆದು, ಜ್ವರ ಏರಿ, ಪ್ರಜ್ಞೆ ತಪ್ಪುವ ಅಪಾಯವಿದೆ. ನನಗೆ ಅನುಮಾನ ಇರುವುದು ಆ ಇನ್ನೊಂದು ಗುಳಿಗೆಯ ಮೇಲೆ. ಅದರ ಸ್ಟ್ರಿಪ್ ತಿರುಗಿಸಿ ಓದಿ. ಸಿನ್ನಾರಿಜಿನ್, ಪ್ರೋಕ್ಲೋರ್‌ಪೆರಜಿನ್ ಅಥವಾ ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಎಂದಿದ್ದರೆ ವೈದ್ಯರಿಗೆ ತೋರಿಸಿ ಬಿಡಿಸಿ. ಸಿಂಡೋಪಾದೊಳಗಿನ ಲೆವೊಡೋಪಾ ಮಿದುಳಿಗೆ ಹೋಗಿ ಡೋಪಮಿನ್ ಆಗುತ್ತದೆ. ಇವು ಆ ಡೋಪಮಿನ್ನಿಗೇ ಅಡ್ಡ ನಿಲ್ಲುತ್ತವೆ. ಪಾರ್ಕಿನ್ಸನ್ ಇಲ್ಲದ ಮುದುಕರಿಗೂ ಇವುಗಳಿಂದ ನಡುಕ ಬರುವುದುಂಟು.

ಕಣ್ಣುಕತ್ತಲೆ ಬರುವುದು ಎದ್ದಾಗ ರಕ್ತದೊತ್ತಡ ಇಳಿಯುವುದರಿಂದ. ಮಲಗಿದಾಗೊಮ್ಮೆ, ನಿಂತಾಗೊಮ್ಮೆ ಬಿಪಿ ನೋಡಿಸಿ. ಬಿಪಿ ಗುಳಿಗೆಯನ್ನೂ ನುಂಗುತ್ತಿದ್ದರೆ ಅದರ ಪ್ರಮಾಣ ಇಳಿಸಬೇಕಾಗಬಹುದು. ಏಳುವ ಮೊದಲು ಮಂಚದ ಅಂಚಿಗೆ ಎರಡು ನಿಮಿಷ ಕೂರಲಿ. ನಿಮ್ಮ ಕಡೆಯ ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಇದು ಇನ್ನೂ ಕೆಡುತ್ತದೆ.

ಇನ್ನು ಊಟ. ಜಮಖಂಡಿ, ಮುಧೋಳ ಕಡೆ ರೊಟ್ಟಿ ಜೊತೆ ಹೆಸರುಕಾಳು ಪಲ್ಯ, ಮೊಸರು ಇದ್ದೇ ಇರುತ್ತದೆ. ಅದರ ಪ್ರೋಟೀನು ಲೆವೊಡೋಪಾವನ್ನು ಸರಿಯಾಗಿ ಹೀರಲು ಬಿಡುವುದಿಲ್ಲ. ಗುಳಿಗೆಯನ್ನು ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನೀರಿನಲ್ಲಿ ನುಂಗಲಿ, ಹಾಲಿನಲ್ಲಿ ಬೇಡ. ಹೊಟ್ಟೆ ತೊಳಸಿದರೆ ಜೊತೆಗೆ ಒಂದು ಹಿಡಿ ಚುರುಮುರಿ ಸಾಕು. ಕಬ್ಬಿಣಾಂಶದ ಗುಳಿಗೆ ಇದ್ದರೆ ಅದಕ್ಕೆ ಬೇರೆ ಹೊತ್ತು ಇಡಿ. ಮೂತ್ರ ಕಪ್ಪಾದರೆ ಗಾಬರಿ ಬೇಡ.

ಮೂಲೆಯಲ್ಲಿ ಯಾರೋ ಕುಳಿತಂತೆ ಕಾಣುವುದು, ಕೈಕಾಲು ತಾನಾಗಿ ತಿರುಚಾಡುವುದು ಶುರುವಾದರೆ ಪ್ರಮಾಣ ಬದಲಿಸಬೇಕಾಗುತ್ತದೆ. ಮುಂದೆ ಪ್ರಮಿಪೆಕ್ಸೋಲ್ ಸೇರಿಸಿದರೆ ಇಸ್ಪೀಟು, ಓಸಿಯ ಚಟ ಹತ್ತುವುದೂ ಉಂಟು. ಮನೆಯವರು ವಯಸ್ಸಿನ ಹುಚ್ಚು ಎಂದು ಬೈದು ಸುಮ್ಮನಾಗುತ್ತಾರೆಯೇ ಹೊರತು ವೈದ್ಯರ ಮುಂದೆ ಬಾಯಿಬಿಡುವುದಿಲ್ಲ. ನಸುಗುನ್ನಿ ಬೀಜದ ಪುಡಿಯಲ್ಲೂ ಲೆವೊಡೋಪಾವೇ ಇದೆ. ಅದನ್ನು ಕದ್ದುಮುಚ್ಚಿ ಕೊಡಬೇಡಿ.

ಯಾವ ಗುಳಿಗೆ ಎಷ್ಟು ಗಂಟೆಗೆ, ನಡುಕ ಯಾವಾಗ ಹೆಚ್ಚು ಎಂದು ಒಂದು ವಾರ ಬರೆದಿಟ್ಟು, ಎಲ್ಲ ಸ್ಟ್ರಿಪ್‌ಗಳ ಸಮೇತ ಬಾಗಲಕೋಟೆಯಲ್ಲೋ ಹುಬ್ಬಳ್ಳಿಯಲ್ಲೋ ನರರೋಗ ತಜ್ಞರನ್ನು ಕಾಣಿ. ಜ್ವರ ಬಂದು ಮೈ ಸೆಟೆದರೆ ಮಾತ್ರ ವಾರ ಕಾಯದೆ ಅಂದೇ ಆಸ್ಪತ್ರೆಗೆ ಸೇರಿಸಿ.