ಹಣ ಕಳುಹಿಸುವಾಗ ವಿವೇಕ



ವಿವೇಕವೆಂಬ ಸದ್ಗುಣಕ್ಕೆ ಮೂರು ಕಾರ್ಯಗಳಿವೆಯೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದಾರೆ: ವಿಚಾರಿಸುವುದು, ನಿರ್ಣಯಿಸುವುದು, ಆಜ್ಞಾಪಿಸುವುದು. ಮೊಬೈಲಿನಲ್ಲಿ ಹಣ ಕಳುಹಿಸುವಾಗ ಪಿನ್ ಒತ್ತುವುದು ಮೂರನೆಯದು. ವಂಚಕನ ಉಪಾಯವೆಲ್ಲ ಮೊದಲೆರಡನ್ನು ತಪ್ಪಿಸುವುದರಲ್ಲೇ ಇದೆ. "ಅಮ್ಮಾ, ನಿಮ್ಮ ಮಗನಿಗೆ ಅಪಘಾತವಾಗಿದೆ, ಈಗಲೇ ಹಣ ಕಟ್ಟಬೇಕು" ಎನ್ನುತ್ತಾನೆ. ಕರುಳು ಚುರುಕ್ ಎನ್ನುತ್ತದೆ, ಬೆರಳು ಪಿನ್ ಒತ್ತಿಬಿಡುತ್ತದೆ. ಮೊದಲು ನಿಮ್ಮಲ್ಲಿರುವ ಮಗನ ನಂಬರಿಗೇ ಕರೆಮಾಡಿ. ಅವನು ಎತ್ತದಿದ್ದರೆ ಹಾಸ್ಟೆಲಿಗೆ.

ಇನ್ನು ಹೆಸರು. ನೆಫ್ಟ್ ಮೂಲಕ ಹೋಗುವ ಹಣ ಖಾತೆ ಸಂಖ್ಯೆಯನ್ನಷ್ಟೇ ನೋಡಿ ಜಮೆಯಾಗುತ್ತದೆ. ನೀವು ಬರೆದ ಹೆಸರು ಹೊಂದದಿದ್ದರೂ ನಿಲ್ಲದು. ಒಂದು ಅಂಕಿ ತಪ್ಪಿದರೆ ಮಗಳ ಕಾಲೇಜು ಶುಲ್ಕ ಇನ್ನಾರದೋ ಖಾತೆಗೆ ಹೋದೀತು. ಕಳುಹಿಸುವ ಮುನ್ನವೇ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತು. ಯುಪಿಐಯಲ್ಲಂತೂ ಹೆಸರು ಕಾಣುತ್ತದೆ. ದಯವಿಟ್ಟು ಓದಿ. ಹೊಸ ಖಾತೆಯಾದರೆ ಒಂದು ರೂಪಾಯಿ ಕಳುಹಿಸಿ, ಮುಟ್ಟಿತೇ ಎಂದು ಕೇಳಿಕೊಂಡು ಉಳಿದದ್ದನ್ನು ಕಳುಹಿಸಿ.

ಹಣ ಪಡೆಯಲು ಪಿನ್ ಬೇಕಿಲ್ಲ. ಯಾರು ಕೇಳಿದರೂ, ನನ್ನ ಹೆಸರು ಹೇಳಿ ಕೇಳಿದರೂ, ಕೊಡಬೇಡಿ. (ಗುರುಗಳ ಚಿತ್ರವಿರುವ ವಾಟ್ಸಾಪ್ ಗುರುಗಳದ್ದೇ ಆಗಿರಬೇಕೆಂದಿಲ್ಲ!)

ಮೋಸಹೋದ ಮೇಲೆ ನಾಚಿಕೆಯಿಂದ ಮನೆಯವರಿಗೂ ಹೇಳದೆ ಎರಡು ದಿನ ಮುಚ್ಚಿಡುವವರಿದ್ದಾರೆ. ಮೋಸಹೋದದ್ದು ಪಾಪವಲ್ಲ, ಪಾಪನಿವೇದನೆಯ ದಿನಕ್ಕೆ ಕಾಯಬೇಡಿ. ಹಣ ಖಾತೆಯಿಂದ ಖಾತೆಗೆ ಜಾರಿಹೋಗುವ ಮುನ್ನ, ಆ ಗಂಟೆಯಲ್ಲೇ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಿ.