ಮುಪ್ಪಿನ ಕಿವಿಯೂ ಶ್ರವಣಯಂತ್ರವೂ

ವಯಸ್ಸಾದವರು ತಮ್ಮ ಕಿವಿಯ ವಿಷಯವಾಗಿ ಸಾಮಾನ್ಯವಾಗಿ ಆಡುವ ಮಾತೊಂದುಂಟು: "ಮಾತು ಕೇಳಿಸುತ್ತದೆ, ಆದರೆ ಏನು ಹೇಳಿದರೆಂಬುದು ತಿಳಿಯುವುದಿಲ್ಲ." ಇದನ್ನು ಕೇಳಿದ ಮನೆಯವರು ಸ್ವರವೇರಿಸಿ ಕೂಗುವರು. ಒಡನೆಯೇ "ಏಕೆ ಹಾಗೆ ಅರಚುತ್ತೀಯ, ನಾನೇನು ಕಿವುಡನೆ?" ಎಂಬ ಗದರಿಕೆ ಬರುವುದು. ಮೆಲ್ಲಗೆ ನುಡಿದರೆ ತಿಳಿಯದು, ಗಟ್ಟಿಯಾಗಿ ನುಡಿದರೆ ಸಹಿಸದು. ಇದು ಮುದುಕರ ಹಠವೆಂದು ಎಣಿಸುವವರೇ ಹೆಚ್ಚು. ವಾಸ್ತವವಾಗಿ ಈ ಎರಡು ದೂರುಗಳೂ ನಿಜವಾದುವು. ಇವುಗಳ ಕಾರಣವನ್ನು ಅರಿತವನಿಗೆ ಮಾತ್ರ ಶ್ರವಣಯಂತ್ರವನ್ನು ಆರಿಸುವುದು ಸಾಧ್ಯ. ಅಜ್ಜನನ್ನೋ ಅಜ್ಜಿಯನ್ನೋ ಅಂಗಡಿಗೆ ಕರೆದೊಯ್ಯುವ ಹೊಣೆ ಮನೆಯಲ್ಲಿ ಓದುತ್ತಿರುವ ಹುಡುಗರ ಮೇಲೆಯೇ ಬೀಳುವುದರಿಂದ, ಈ ಪಾಠವು ವಿದ್ಯಾರ್ಥಿಗಳಿಗೆ ಅಗತ್ಯವಾದುದು.

ಗಾಳಿಯಲ್ಲಿ ಬರುವ ಶಬ್ದತರಂಗಗಳು ಕಿವಿಯ ತಮಟೆಯನ್ನು ಅದುರಿಸುತ್ತವೆ. ಆ ಅದುರು ಮೂರು ಪುಟ್ಟ ಮೂಳೆಗಳ ಮೂಲಕ ಒಳಗಿವಿಗೆ ಸಾಗುವುದು. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಸುತ್ತಿದ ಕಾಕ್ಲಿಯ ಎಂಬ ಅಂಗವಿದೆ. ಅದರೊಳಗೆ ದ್ರವ, ದ್ರವದಲ್ಲಿ ಒಂದು ನೀಳವಾದ ಪೊರೆ, ಪೊರೆಯ ಮೇಲೆ ಸಾಲುಸಾಲಾಗಿ ರೋಮಕೋಶಗಳು. ಈ ಪೊರೆಯ ಒಂದೊಂದು ಭಾಗವು ಒಂದೊಂದು ಆವರ್ತಸಂಖ್ಯೆಗೆ, ಎಂದರೆ ಸೆಕೆಂಡಿಗೆ ಇಂತಿಷ್ಟು ಕಂಪನಗಳೆಂಬ ಎಣಿಕೆಗೆ, ಹೆಚ್ಚಾಗಿ ಮಿಡಿಯುತ್ತದೆ. ಕೀರಲು ಧ್ವನಿಗಳಿಗೆ ಸುರುಳಿಯ ಬುಡ, ತಗ್ಗಿನ ಧ್ವನಿಗಳಿಗೆ ಅದರ ತುದಿ. ಇದನ್ನು ಪ್ರಯೋಗದಿಂದ ತೋರಿಸಿದವನು ವೈದ್ಯನಲ್ಲ, ಬುಡಾಪೆಸ್ಟಿನ ಟೆಲಿಫೋನ್ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಗಿಯಾರ್ಗ್ ಫಾನ್ ಬೆಕೆಶಿ ಎಂಬ ಭೌತವಿಜ್ಞಾನಿ. ಇದಕ್ಕಾಗಿ 1961ರಲ್ಲಿ ಅವನಿಗೆ ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕ ದೊರೆಯಿತು.

ಮುಪ್ಪಿನಲ್ಲಿ ಮೊದಲು ಸವೆಯುವುದು ಬುಡದ ಕಡೆಯ ರೋಮಕೋಶಗಳು. ಒಮ್ಮೆ ಸತ್ತ ಕೋಶಗಳು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆದುದರಿಂದ ಕೀರಲು ಧ್ವನಿಗಳು ಮೊದಲು ಮಾಯವಾಗುತ್ತವೆ. ನಮ್ಮ ಮಾತಿನಲ್ಲಿ ಸ್ವರಾಕ್ಷರಗಳ ಬಲವೆಲ್ಲವೂ ಬಹುಮಟ್ಟಿಗೆ ತಗ್ಗಿನ ಆವರ್ತಸಂಖ್ಯೆಗಳಲ್ಲಿದೆ. ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಎರಡು ಸಾವಿರ ಹರ್ಟ್ಸ್‌ನಿಂದ ಮೇಲಕ್ಕಿದೆ. ತಾತ, ಕಾಕ, ಪಾಪ ಎಂಬ ಮೂರು ಮಾತುಗಳಿಂದ ವ್ಯಂಜನಗಳನ್ನು ಅಳಿಸಿದರೆ ಉಳಿಯುವುದು ಒಂದೇ: ಆ-ಅ. ಸದ್ದು ಬಂದಿತು, ಮಾತು ಬರಲಿಲ್ಲ. ಅಜ್ಜ ಹೇಳಿದ್ದೂ ಅದನ್ನೇ.

ಶಿಡ್ಲಘಟ್ಟದಂಥ ರೇಷ್ಮೆಯ ಊರಿನಲ್ಲಿ ಇನ್ನೊಂದು ಕಾರಣವೂ ಸೇರಿಕೊಳ್ಳಬಹುದು. ನೂಲು ಬಿಚ್ಚುವ, ಹುರಿ ಮಾಡುವ ಯಂತ್ರಗಳ ಬಳಿ ಬಾಳೆಲ್ಲ ಕಳೆದವರ ಕಿವಿ, ಸದ್ದು ಸಾಕಷ್ಟು ಜೋರಾಗಿದ್ದಲ್ಲಿ, ಮುಪ್ಪಿಗೆ ಮುಂಚೆಯೇ ನಾಲ್ಕು ಸಾವಿರ ಹರ್ಟ್ಸ್‌ನ ಸುಮಾರಿನಲ್ಲಿ ಕುಸಿದಿರುತ್ತದೆ. ಕಾರ್ಖಾನೆಯ ನಿಯಮಗಳು ಎಂಟು ಗಂಟೆಯ ದುಡಿಮೆಗೆ 90 ಡೆಸಿಬೆಲ್‌ಗಳ ಮಿತಿಯನ್ನು ಹಾಕಿವೆ. ಮನೆಯ ಮುಂಗೋಣೆಯಲ್ಲಿ ನಡೆಯುವ ಯಂತ್ರಕ್ಕೆ ಮಿತಿ ಹೇಳುವವರಾರು?

ಡೆಸಿಬೆಲ್ ಎಂಬುದು ಲಾಗರಿತಮ್ ಮಾನ. ಹತ್ತು ಡೆಸಿಬೆಲ್ ಹೆಚ್ಚಿದರೆ ಶಬ್ದದ ತೀವ್ರತೆ ಹತ್ತರಷ್ಟಾಗುವುದು, ಇಪ್ಪತ್ತು ಹೆಚ್ಚಿದರೆ ನೂರರಷ್ಟು. ಒಂದು ಮೀಟರ್ ದೂರದ ಸಾಧಾರಣ ಮಾತು ಸುಮಾರು 60 ಡೆಸಿಬೆಲ್. ಅಜ್ಜನಿಗೆ 50 ಡೆಸಿಬೆಲ್ ನಷ್ಟವಾಗಿದೆ ಎಂದರೆ, ಎಳೆಯ ಕಿವಿಗೆ ಕೇಳುವ ಅತಿ ಮೆಲುದನಿಗಿಂತ ಲಕ್ಷದಷ್ಟು ತೀವ್ರವಾದ ಶಬ್ದ ಮಾತ್ರ ಅವನಿಗೆ ಕೇಳಲಾರಂಭಿಸುತ್ತದೆಂದು ಅರ್ಥ. ಆದರೆ ಸಹಿಸಲಾಗದಷ್ಟು ಗಟ್ಟಿಯೆನಿಸುವ ಮಟ್ಟ ಅವನಿಗೂ ನಮಗೂ ಹೆಚ್ಚುಕಡಿಮೆ ಒಂದೇ, ಸುಮಾರು 100 ಡೆಸಿಬೆಲ್. ನಮಗೆ ನೂರು ಮೆಟ್ಟಿಲುಗಳ ಅವಕಾಶವಿದ್ದರೆ ಅವನಿಗೆ ಐವತ್ತೇ. ಹತ್ತು ಅಂಕಣದ ಮನೆಯ ಸಾಮಾನನ್ನು ಐದು ಅಂಕಣದ ಮನೆಗೆ ಹೊಂದಿಸಬೇಕಾಗಿದೆ. ಎಲ್ಲ ಶಬ್ದವನ್ನೂ ಸಮನಾಗಿ 50 ಡೆಸಿಬೆಲ್ ಎತ್ತಿದರೆ ತಟ್ಟೆ ಬಿದ್ದ ಸದ್ದು ಸಿಡಿಲಾಗುವುದು. ಆದುದರಿಂದ ಒಳ್ಳೆಯ ಯಂತ್ರವು ಮೆಲುದನಿಯನ್ನು ಹೆಚ್ಚಾಗಿಯೂ ಗಟ್ಟಿದನಿಯನ್ನು ಕಡಿಮೆಯಾಗಿಯೂ ವರ್ಧಿಸುತ್ತದೆ. ಅದೂ ಕಳೆದುಹೋದ ಆವರ್ತಸಂಖ್ಯೆಗಳಲ್ಲಿ ಮಾತ್ರ. ಸಾಧಾರಣ ಮಾತಿಗೆ ಬೇಕಾಗುವ ವರ್ಧನೆ ನಷ್ಟದ ಅರ್ಧದಷ್ಟೆಂಬುದು ಹಳೆಯ ಕೈಲೆಕ್ಕ. ಕೆಲವು ನೂರು ರೂಪಾಯಿಗೆ ದೊರೆಯುವ 'ಕಿವಿ ಮಿಷಿನ್ನು' ಎಂಬ ಅಗ್ಗದ ವರ್ಧಕಗಳನ್ನು ನಾನು ಒಪ್ಪದಿರುವುದಕ್ಕೆ ಇದೇ ಕಾರಣ. ಅವು ಎಲ್ಲವನ್ನೂ ಎತ್ತುತ್ತವೆ. ಉಳಿದಿರುವ ಕೋಶಗಳನ್ನೂ ಕೆಡಿಸಬಲ್ಲವು.

ಕೊಳ್ಳುವ ಮೊದಲು ಕಿವಿಯನ್ನು ವೈದ್ಯರಿಗೆ ತೋರಿಸಬೇಕು. ಗುಗ್ಗೆ ತುಂಬಿಯೋ ತಮಟೆ ತೂತಾಗಿಯೋ ಕೇಳಿಸದಿದ್ದರೆ ಅದಕ್ಕೆ ಬೇರೆ ಚಿಕಿತ್ಸೆಯುಂಟು. ಈ ಭೇದವನ್ನು ನಮ್ಮ ಪ್ರಯೋಗಶಾಲೆಯ ಶ್ರುತಿಕವೆಯಿಂದಲೇ ಸ್ಥೂಲವಾಗಿ ತಿಳಿಯಬಹುದು. 512 ಹರ್ಟ್ಸ್‌ನ ಕವೆಯನ್ನು ಮಿಡಿದು, ಅದರ ಕಾಲನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಹಿಡಿಯಿರಿ. ಸದ್ದು ನಿಂತಿತೆಂದು ಅಜ್ಜ ಹೇಳಿದೊಡನೆ ಕವೆಯನ್ನು ಕಿವಿಯ ಮುಂದೆ ತನ್ನಿರಿ. ಮತ್ತೆ ಕೇಳಿಸಿದರೆ ದಾರಿ ಸರಿಯಿದೆ, ಕೊರತೆ ಒಳಗಿವಿಯದು. ಕೇಳಿಸದಿದ್ದರೆ ಹೊರಗಿವಿಯಲ್ಲೋ ನಡುಗಿವಿಯಲ್ಲೋ ಅಡ್ಡಿಯಿದೆ ಎಂದು ಶಂಕಿಸಬಹುದು. ರಿನ್ನೆ ಎಂಬ ಜರ್ಮನ್ ವೈದ್ಯನ ಈ ಪರೀಕ್ಷೆ 1855ರದು. ಇದು ಪರೀಕ್ಷೆಗೆ ಕರೆದೊಯ್ಯಲು ಪ್ರೇರಣೆಯೇ ಹೊರತು ಅದಕ್ಕೆ ಬದಲಲ್ಲ. ಒಂದೇ ಕಿವಿ ಒಂದೆರಡು ದಿನಗಳಲ್ಲಿ ಥಟ್ಟನೆ ಮಂದವಾದರೆ ಮಾತ್ರ ಕವೆಯನ್ನು ಹುಡುಕುತ್ತ ಕೂರದೆ ಅಂದೇ ವೈದ್ಯರ ಬಳಿಗೆ ಓಡಬೇಕು.

ಮುಂದಿನದು ಶ್ರವಣಲೇಖ. 250ರಿಂದ 8000 ಹರ್ಟ್ಸ್‌ವರೆಗಿನ ಒಂದೊಂದು ಶುದ್ಧ ಧ್ವನಿಗೂ ಎಷ್ಟು ಡೆಸಿಬೆಲ್ ಬೇಕಾಯಿತೆಂಬ ನಕ್ಷೆಯಿದು. ಇದರ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ಕನ್ನಡಕಕ್ಕೆ ಪವರಿನ ಚೀಟಿ ಇದ್ದಂತೆ ಶ್ರವಣಯಂತ್ರಕ್ಕೆ ಈ ನಕ್ಷೆ. ಮಾತನ್ನು ಎಷ್ಟರಮಟ್ಟಿಗೆ ಗುರುತಿಸಬಲ್ಲರೆಂಬ ಪರೀಕ್ಷೆಯೂ ಜೊತೆಗಿರಬೇಕು. ಚಿಂತಾಮಣಿ, ಗೌರಿಬಿದನೂರುಗಳ ಕಡೆ ಎಷ್ಟೋ ಮನೆಗಳಲ್ಲಿ ಆಡುಮಾತು ತೆಲುಗು. ಅಜ್ಜಿಯ ಮನೆಮಾತು ಯಾವುದೋ ಅದೇ ಭಾಷೆಯ ಮಾತುಗಳಿಂದ ಪರೀಕ್ಷಿಸಿರೆಂದು ಕೇಳಲು ಸಂಕೋಚ ಬೇಡ. ಅರಿಯದ ಮಾತನ್ನು ಗುರುತಿಸದಿರುವುದು ಕಿವಿಯ ದೋಷವಲ್ಲ. ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗವನ್ನು ಮೊದಲು ವಿಚಾರಿಸಬೇಕು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಡಾ. ಎಸ್. ಆರ್. ಚಂದ್ರಶೇಖರ ವಾಕ್ ಶ್ರವಣ ಸಂಸ್ಥೆ, ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಇವು ಇದೇ ಶಾಸ್ತ್ರದ ತಜ್ಞರಿರುವ ಸ್ಥಳಗಳು. ಯಂತ್ರ ಮಾರುವವನೇ ಉಚಿತವಾಗಿ ಪರೀಕ್ಷಿಸಿದಾಗ ಫಲಿತಾಂಶ ಯಾವ ಕಡೆಗೆ ವಾಲೀತೆಂಬುದನ್ನು ವಾಚಕರೇ ಊಹಿಸಬಹುದು.

ಇನ್ನು ಯಂತ್ರದ ಒಳಗನ್ನು ನೋಡೋಣ. ಒಂದು ಮೈಕ್ರೊಫೋನ್, ಒಂದು ವರ್ಧಕ, ಒಂದು ಪುಟ್ಟ ಧ್ವನಿವಾಹಕ, ಒಂದು ವಿದ್ಯುತ್ಕೋಶ, ಸಾರಾಂಶದಲ್ಲಿ ಇಷ್ಟೇ. 1947ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಜನಬಳಕೆಗೆ ಮೊದಲು ಬಂದದ್ದು ರೇಡಿಯೋವಿನಲ್ಲಲ್ಲ, 1952-53ರ ಶ್ರವಣಯಂತ್ರಗಳಲ್ಲಿ. ಕಿವುಡರ ಶಿಕ್ಷಕನಾಗಿದ್ದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ನೆನಪಿಗಾಗಿ ಈ ಬಳಕೆಗೆ ರಾಜಧನವನ್ನು ಬಿಟ್ಟುಕೊಟ್ಟರು. ಇಂದಿನ ಯಂತ್ರಗಳಲ್ಲಿ ಶಬ್ದವು ಅಂಕೆಗಳಾಗಿ ಮಾರ್ಪಟ್ಟು, ಲೆಕ್ಕಕ್ಕೊಳಗಾಗಿ, ಪುನಃ ಶಬ್ದವಾಗುತ್ತದೆ.

ಬೆಲೆಯನ್ನು ಏರಿಸುವ ಗುಣಗಳಲ್ಲಿ ನಿಜವಾಗಿ ಉಪಯುಕ್ತವಾದುದು ದಿಕ್ಕನ್ನು ಅರಿಯುವ ಶಕ್ತಿ. ಸಂತೆಯ ಗದ್ದಲದಲ್ಲಿ ಎದುರಿನವನ ಮಾತನ್ನು ಮಾತ್ರ ಆರಿಸುವುದು ಹೇಗೆ? ಯಂತ್ರದಲ್ಲಿ ಒಂದು ಸೆಂಟಿಮೀಟರ್ ಅಂತರದಲ್ಲಿ ಎರಡು ಮೈಕ್ರೊಫೋನುಗಳಿರುತ್ತವೆ ಎನ್ನೋಣ. ಹಿಂದಿನಿಂದ ಬಂದ ಶಬ್ದ ಹಿಂದಿನ ಮೈಕ್ರೊಫೋನಿಗೆ ಮೊದಲು ತಲಪಿ, ಸೆಕೆಂಡಿಗೆ 340 ಮೀಟರ್ ವೇಗದಲ್ಲಿ ಸಾಗಿ, ಸುಮಾರು 29 ಮೈಕ್ರೊಸೆಕೆಂಡುಗಳ ಬಳಿಕ ಮುಂದಿನದನ್ನು ಮುಟ್ಟುವುದು. ಹಿಂದಿನದರ ಸಂಕೇತವನ್ನು ಅಷ್ಟೇ ಕಾಲ ತಡೆಹಿಡಿದು ಮುಂದಿನದರಿಂದ ಕಳೆದರೆ, ಬೆನ್ನ ಹಿಂದಿನ ಗದ್ದಲ ಪರಸ್ಪರ ರದ್ದಾಗುವುದು. ಮುಂದಿನ ಮಾತು ಉಳಿಯುವುದು.

ಕಾಲವಿಳಂಬದಿಂದ ದಿಕ್ಕನ್ನು ಅರಿಯುವ ಈ ಉಪಾಯದ ಭವ್ಯ ರೂಪವನ್ನು ನೋಡಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಭಾಭಾ ಪರಮಾಣು ಸಂಶೋಧನ ಕೇಂದ್ರದವರು 1965ರಲ್ಲಿ ಗೌರಿಬಿದನೂರಿನ ಬಳಿ ಭೂಕಂಪಮಾಪಕಗಳ ಒಂದು ವ್ಯೂಹವನ್ನು ನೆಟ್ಟರು. ದೂರದೇಶಗಳ ನೆಲದಡಿ ನಡೆಯುವ ಪರಮಾಣು ಸ್ಫೋಟಗಳನ್ನು ಆಲಿಸುವುದು ಅದರ ಉದ್ದೇಶ. ಎಲ್ ಅಕ್ಷರದಂತೆ ಎರಡು ತೋಳುಗಳಲ್ಲಿ ಹರಡಿದ ಮಾಪಕಗಳಿಗೆ ಅಲೆಯು ಒಂದರ ಬಳಿಕ ಒಂದಾಗಿ ತಲಪುತ್ತದೆ. ತಕ್ಕ ವಿಳಂಬಗಳನ್ನು ಕೊಟ್ಟು ಎಲ್ಲವನ್ನೂ ಕೂಡಿಸಿದರೆ, ಆ ದಿಕ್ಕಿನ ಅಲೆ ಮಾತ್ರ ಬಲಗೊಂಡು, ಬಂಡಿ ಬಸ್ಸುಗಳ ಅದುರು ಹಿಂದೆ ಸರಿಯುತ್ತದೆ. ಅಲ್ಲಿ ಕೂಡಿಸುವುದು, ಕಿವಿಯ ಯಂತ್ರದಲ್ಲಿ ಕಳೆಯುವುದು, ತತ್ತ್ವ ಒಂದೇ. ಅದೇ ಊರಿನ ಬಳಿ ಆಕಾಶದ ರೇಡಿಯೋ ಅಲೆಗಳಿಗಾಗಿ ಟಿ ಅಕ್ಷರದಾಕಾರದಲ್ಲಿ ಸಾವಿರ ಆಂಟೆನಾಗಳನ್ನು ನಿಲ್ಲಿಸಿದ್ದೂ ಈ ತತ್ತ್ವದ ಮೇಲೆಯೇ.

ಇದರಾಚೆಗಿನ ಬೆಡಗುಗಳಿಗೆ ಹಣ ಸುರಿಯಬೇಕೆ? ಅಮೆರಿಕದ ಮೆಂಫಿಸ್ ವಿಶ್ವವಿದ್ಯಾನಿಲಯದ ರಾಬಿನ್ ಕಾಕ್ಸ್ ಮತ್ತು ಸಂಗಡಿಗರು ವೃದ್ಧರಿಗೆ ಸಾಧಾರಣ ಹಾಗೂ ದುಬಾರಿ ಯಂತ್ರಗಳನ್ನು ಸರದಿಯಂತೆ ತೊಡಿಸಿ ನೋಡಿದರು. ಎರಡೂ ಉಪಕಾರ ಮಾಡಿದುವು. ನಿತ್ಯಜೀವನದಲ್ಲಿ ಅವುಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. ಎರಡು ಕಿವಿಗಳೂ ಸಮನಾಗಿ ಮಂದವಾಗಿದ್ದರೆ ಒಂದು ದುಬಾರಿ ಯಂತ್ರಕ್ಕಿಂತ ಎರಡು ಸಾಧಾರಣ ಯಂತ್ರಗಳೇ ಮೇಲೆಂಬುದು ನನ್ನ ಮತ. ಕಿವಿಯ ಹಿಂದೆ ಕೂರುವ ಮಾದರಿ ನಡುಗುವ ಬೆರಳುಗಳಿಗೆ ಸುಲಭ. ಒಳಗೆ ಅಡಗುವುದು ಅಂದವೇನೋ ಸರಿ, ಕೋಶ ಬದಲಿಸುವುದು ಕಷ್ಟ. "ಯಂತ್ರ ಹಾಕದಿದ್ದರೆ ಅರಳುಮರಳು ಬರುವುದು" ಎಂದು ಹೆದರಿಸುವವರನ್ನು ನಂಬಿ ಸಾಲ ಮಾಡಬೇಡಿ. 2023ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ, ಮೂರು ವರ್ಷಗಳ ಅವಧಿಯಲ್ಲಿ, ಒಟ್ಟು ಗುಂಪಿನಲ್ಲಿ ಅಂಥ ಲಾಭ ಕಾಣಲಿಲ್ಲ. ಹೆಚ್ಚು ಅಪಾಯವಿದ್ದ ಒಂದು ಭಾಗದಲ್ಲಿ ಮಾತ್ರ ಬುದ್ಧಿಶಕ್ತಿಯ ಇಳಿತ ನಿಧಾನವಾಯಿತು. ಮೊಮ್ಮಗಳ ಮಾತು ಕೇಳಬೇಕೆಂಬ ಆಸೆಯೇ ಯಂತ್ರಕ್ಕೆ ಸಾಕಾದಷ್ಟು ಕಾರಣ.

ಈಗ ಹಣದ ಲೆಕ್ಕ. ಮಾರುಕಟ್ಟೆಯಲ್ಲಿ ಬೆಲೆ ಕೆಲವು ಸಾವಿರಗಳಿಂದ ಲಕ್ಷ ಮೀರುವವರೆಗೂ ಇದೆ. ಉದಾಹರಣೆಗಾಗಿ, ಜೋಡಿಗೆ 40,000 ರೂಪಾಯಿ, ಬಾಳಿಕೆ ಐದು ವರ್ಷ ಎಂದಿಟ್ಟುಕೊಳ್ಳೋಣ: ವರ್ಷಕ್ಕೆ 8,000. ಕೋಶದ ಸಾಮರ್ಥ್ಯ 270 ಮಿಲಿಆಂಪಿಯರ್-ಗಂಟೆ, ಯಂತ್ರ ಎಳೆಯುವ ಪ್ರವಾಹ 1.5 ಮಿಲಿಆಂಪಿಯರ್ ಆದರೆ, ಕೋಶವು 180 ಗಂಟೆ ಬರುವುದು; ದಿನಕ್ಕೆ 12 ಗಂಟೆಯಂತೆ 15 ದಿನ. ಎರಡು ಕಿವಿಗೆ ವರ್ಷಕ್ಕೆ 48 ಕೋಶ, ತಲಾ 40 ರೂಪಾಯಿಯಂತೆ 1,920. ಶ್ರುತಿಗೂಡಿಸಲು ಇಬ್ಬರು ಎರಡು ಸಲ ಬೆಂಗಳೂರಿಗೆ ಹೋಗಿಬರಲು 800. ಒಟ್ಟು 10,720, ದಿನಕ್ಕೆ ಮೂವತ್ತು ರೂಪಾಯಿಗೆ ಸಮೀಪ. ನಿಮ್ಮ ಊರಿನ ದರಗಳನ್ನು ಹಾಕಿ ನೀವೇ ಮಾಡಿ ನೋಡಿ. ಅಂಗಡಿಯವನು ಹೇಳುವುದು ಮೊದಲ ಅಂಕಿಯನ್ನು ಮಾತ್ರ.

ಸರಕಾರದ ನೆರವಿನಲ್ಲಿ ಒಂದು ತೊಡಕುಂಟು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಂತೆ, ಎರಡು ಕಿವಿಗಳಲ್ಲಿಯೂ ಮಾತಿನ ಆವರ್ತಸಂಖ್ಯೆಗಳಲ್ಲಿ 60 ಡೆಸಿಬೆಲ್ ನಷ್ಟವಾಗಿದ್ದರೆ ಮಾತ್ರ 'ಮಂದಶ್ರವಣ', 70ಕ್ಕೆ 'ಕಿವುಡು'. 50 ಡೆಸಿಬೆಲ್ ಕಳೆದುಕೊಂಡು ಮಾತುಕತೆಯಿಂದ ದೂರವಾದ ಅಜ್ಜ ಕಾಯಿದೆಯ ಕಣ್ಣಿಗೆ ಬೀಳುವುದಿಲ್ಲ. ಅಂಥ ವೃದ್ಧರಿಗೆ ತಕ್ಕುದು 2017ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆ: ಅರವತ್ತು ದಾಟಿದ ಬಡವರಿಗೆ ಶಿಬಿರಗಳ ಮೂಲಕ ಶ್ರವಣಯಂತ್ರವೇ ಮೊದಲಾದ ಸಾಧನಗಳನ್ನು ಉಚಿತವಾಗಿ ಕೊಡಲು ರೂಪಿಸಿದ್ದು. ಇದರ ಈಗಿನ ನಿಯಮವನ್ನೂ ಶಿಬಿರದ ದಿನವನ್ನೂ ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ವಿಚಾರಿಸಬೇಕು. ಕೇಂದ್ರ ಸರಕಾರದ ನಿವೃತ್ತರಿಗೂ ಮಾಜಿ ಸೈನಿಕರಿಗೂ ಅವರವರ ಆರೋಗ್ಯ ಯೋಜನೆಗಳಿಂದ ನಿಗದಿತ ಮಿತಿಯವರೆಗೆ ಹಣ ದೊರೆಯುವುದುಂಟು. ಯಂತ್ರ ಉಚಿತವಾಗಿ ಬಂದರೂ ಕೋಶಗಳು ಉಚಿತವಲ್ಲ. ಮೇಲಿನ 1,920 ರೂಪಾಯಿಯನ್ನು ಯಾರು ಕೊಡುವರೆಂದು ಮನೆಯಲ್ಲಿ ಮೊದಲೇ ನಿಶ್ಚಯಿಸದಿದ್ದರೆ ಯಂತ್ರ ಗೂಡು ಸೇರುತ್ತದೆ.

ಕೊಳ್ಳುವಾಗ ಕೆಲವು ದಿನ ಮನೆಯಲ್ಲಿ ತೊಟ್ಟು ನೋಡಲು ಕೊಡುವರೆ, ಹಿಂದಿರುಗಿಸಿದರೆ ಎಷ್ಟು ಮುರಿದುಕೊಳ್ಳುವರು, ದುರಸ್ತಿ ಎಲ್ಲಿ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ನಿಶ್ಶಬ್ದವಾದ ಕೋಣೆಯಲ್ಲಿ ಎಲ್ಲ ಯಂತ್ರಗಳೂ ಚೆನ್ನ; ಊಟದ ಪಂಕ್ತಿಯಲ್ಲಿಯೂ ಬಸ್ ನಿಲ್ದಾಣದಲ್ಲಿಯೂ ಪರೀಕ್ಷಿಸಬೇಕು. ಮೊದಲ ವಾರಗಳಲ್ಲಿ ತಮ್ಮ ದನಿಯೇ ಡಬ್ಬದೊಳಗಿಂದ ಬಂದಂತೆ, ಕಾಗದದ ಸರಪರ ಸದ್ದೂ ದೊಡ್ಡದಾಗಿ ಕೇಳುವುದು. ಮಿದುಳು ಮರೆತ ಶಬ್ದಗಳಿಗೆ ಮತ್ತೆ ಒಗ್ಗಿಕೊಳ್ಳಲು ಸಮಯ ಬೇಕು. ದಿನಕ್ಕೆ ಒಂದೆರಡು ಗಂಟೆಗಳಿಂದ ಆರಂಭಿಸುವುದು ಲೇಸು. ಅಷ್ಟರಲ್ಲಿ ಮನೆಯವರು ಮಾಡಬಹುದಾದ ಖರ್ಚಿಲ್ಲದ ಉಪಕಾರವೊಂದಿದೆ. ಬಯಲಿನಲ್ಲಿ ದೂರ ಅರ್ಧವಾದಂತೆಲ್ಲ ಶಬ್ದವು 6 ಡೆಸಿಬೆಲ್ ಏರುವುದು. ನಾಲ್ಕು ಮೀಟರ್ ಆಚೆಯ ಅಡುಗೆಮನೆಯ ಬಾಗಿಲಿನಿಂದ ಕೂಗುವ ಬದಲು ಅರ್ಧ ಮೀಟರಿನ ಹತ್ತಿರ ಬಂದು, ಮುಖ ಕಾಣುವಂತೆ ಕುಳಿತು ನುಡಿದರೆ 18 ಡೆಸಿಬೆಲ್‌ಗಳ ಲಾಭ. ಕೋಣೆಯಲ್ಲಿ ಗೋಡೆಗಳ ಪ್ರತಿಫಲನದಿಂದ ಇದು ತುಸು ಕಡಿಮೆಯಾದೀತು.